ಆಮೆಯ ಚಿಪ್ಪಿನ ಮೇಲೆ ಬಿಳಿ ಮಚ್ಚೆ: ಕಾಯುವುದೋ, ಒಣಗಿಸುವುದೋ, ವೈದ್ಯರ ಬಳಿಗೆ ಒಯ್ಯುವುದೋ?

ನಮ್ಮ ಮನೆಯ ಆಮೆಗೆ ಗುಂಡ ಎಂದು ಹೆಸರಿಟ್ಟು ಆರು ವರ್ಷ ಕಳೆದ ಮೇಲೆ ಅದು ಮೊಟ್ಟೆಯಿಟ್ಟಿತು. ಆಮೆಯ ವಿಷಯದಲ್ಲಿ ನನ್ನ ತಿಳಿವಳಿಕೆ ಎಷ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದು ಇನ್ನೂ ಅಂಗೈಯಗಲ ಇದ್ದಾಗ ಬೆನ್ನಿನ ಮೇಲೆ ಬಿಳಿಯ ಪದರವೊಂದು ಎದ್ದುದನ್ನು ಕಂಡು ಹೆದರಿ, ಹತ್ತು ದಿನ ಅಯೋಡಿನ್ ಬಳಿದಿದ್ದೆ. ಅದು ರೋಗವೇ ಆಗಿರಲಿಲ್ಲ. ಹಾವು ಪೊರೆ ಬಿಡುವ ಹಾಗೆ ಆಮೆ ಹಳೆಯ ಪದರ ಕಳಚುತ್ತಿತ್ತು, ಅಷ್ಟೆ. ಮುಂದೆ ಎರಡು ವರ್ಷಕ್ಕೆ ಹೊಟ್ಟೆಯ ಕಡೆ ಮೆಣಸಿನ ಕಾಳಿನಷ್ಟು ತಗ್ಗು ಕಾಣಿಸಿತು. ಹಿಂದೆ ಪೆಚ್ಚಾದದ್ದು ನೆನಪಿದ್ದುದರಿಂದ ‘ಇದೂ ಹಾಗೆಯೇ ಇದ್ದೀತು’ ಎಂದು ಮೂರು ವಾರ ಸುಮ್ಮನಿದ್ದೆ. ಈ ಸಲ ಅದು ನಿಜವಾದ ಕೊಳೆತ. ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು.

ಬೇಡದ ಕಡೆ ಮದ್ದು, ಬೇಕಾದ ಕಡೆ ತಡ. ಆಮೆ ಸಾಕುವವರು ಹೆಚ್ಚಾಗಿ ಈ ಎರಡರಲ್ಲೊಂದನ್ನು ಮಾಡುತ್ತಾರೆ. ಆದ್ದರಿಂದ ಯಾವ ಔಷಧಿ ಒಳ್ಳೆಯದು ಎನ್ನುವುದಕ್ಕಿಂತ ಮೊದಲು ಕಣ್ಣೆದುರಿಗಿರುವುದು ಏನು ಎಂದು ಗೊತ್ತಾಗಬೇಕು. ಹೋಲಿಕೆ ಅಲ್ಲಿಂದಲೇ ಶುರುವಾಗಲಿ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಕೆಂಪು ಕಿವಿಯ ಸ್ಲೈಡರ್ ಆಮೆಯ ಬಗ್ಗೆ. ಬೆಂಗಳೂರು, ಮೈಸೂರು, ಮಂಗಳೂರಿನ ಫ್ಲಾಟುಗಳಲ್ಲಿ ಸಾಕಿರುವ ಆಮೆಗಳಲ್ಲಿ ಬಹುಪಾಲು ಅದೇ. ಹುಟ್ಟೂರು ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ಅಂಗಡಿಯಲ್ಲಿ ನಾಣ್ಯದಷ್ಟು ಅಗಲ ಇರುತ್ತದೆ, ಜೊತೆಗೆ ಪ್ಲಾಸ್ಟಿಕ್ ತೆಂಗಿನ ಮರವಿರುವ ಬಟ್ಟಲನ್ನೂ ಕಟ್ಟಿ ಕೊಡುತ್ತಾರೆ. ಅದೇ ಆಮೆ ಬೆಳೆದರೆ 25 ಸೆಂಟಿಮೀಟರ್ ದಾಟಬಹುದು, 30 ವರ್ಷ ಬದುಕಬಹುದು ಎಂದು ಯಾರೂ ಹೇಳುವುದಿಲ್ಲ. ಚಿಪ್ಪಿನ ತೊಂದರೆಗಳಲ್ಲಿ ಅರ್ಧಕ್ಕರ್ಧ ಆ ಬಟ್ಟಲಿನಲ್ಲೇ ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ.

ಚಿಪ್ಪು ಅಂಗಿಯಲ್ಲ

ಚಿಪ್ಪನ್ನು ಆಮೆ ಹೊತ್ತು ತಿರುಗುವ ಮನೆ ಎಂದು ಮಕ್ಕಳಿಗೆ ಹೇಳುತ್ತೇವೆ. ನಿಜದಲ್ಲಿ ಅದು ಎಲುಬು. ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೇ ಹರಡಿಕೊಂಡು ಬೆಸೆದು ಬೆನ್ನ ಚಿಪ್ಪಾಗಿವೆ. ಅದರ ಮೇಲೆ ನಮ್ಮ ಉಗುರಿನಂಥದೇ ಕೆರಾಟಿನ್ ಹೊದಿಕೆ ಬಿಲ್ಲೆ ಬಿಲ್ಲೆಯಾಗಿ ಕೂತಿದೆ. ಸ್ಲೈಡರ್ ಆಮೆಯ ಬೆನ್ನಿನ ನಡುವೆ ದೊಡ್ಡ ಬಿಲ್ಲೆಗಳು 13, ಅಂಚಿನ ಸುತ್ತ ಚಿಕ್ಕವು 25. ಹೊಟ್ಟೆಯ ಕಡೆ 12. ಈ ಲೆಕ್ಕವನ್ನು ಒಮ್ಮೆ ನಿಮ್ಮ ಆಮೆಯ ಮೇಲೆಯೇ ಎಣಿಸಿ ನೋಡಿಕೊಳ್ಳುವುದು ಒಳ್ಳೆಯದು. ‘ಬಲಗಡೆಯ ಎರಡನೇ ಬಿಲ್ಲೆ’ ಎಂದು ಗುರುತಿಟ್ಟುಕೊಂಡರೆ ಮಚ್ಚೆ ಹರಡಿತೋ ಇಲ್ಲವೋ ಎಂದು ಮುಂದಿನ ವಾರ ತಿಳಿಯುತ್ತದೆ.

ಬಿಲ್ಲೆಗೂ ಎಲುಬಿಗೂ ನಡುವೆ ಜೀವವಿರುವ ತೆಳುವಾದ ಚರ್ಮವಿದೆ. ರಕ್ತ ಹರಿಯುತ್ತದೆ, ನರಗಳಿವೆ, ಮುಟ್ಟಿದರೆ ಗೊತ್ತಾಗುತ್ತದೆ, ಕೆರೆದರೆ ನೋಯುತ್ತದೆ. ಮಚ್ಚೆ ಬಿಲ್ಲೆಯಲ್ಲಿದೆಯೋ, ಆ ಚರ್ಮದಲ್ಲಿದೆಯೋ, ಎಲುಬಿಗಿಳಿದಿದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಒದ್ದೆ, ಒಣ, ಬೆರಳು, ಮೂಗು

ಪರೀಕ್ಷೆಗೆ ಬೇಕಾದದ್ದು ಹಗಲಿನ ಬೆಳಕು, ಒಂದು ಟವೆಲ್, ಬೇರೆ ಯಾವುದಕ್ಕೂ ಬಳಸದ ಮೆತ್ತನೆಯ ಹಲ್ಲುಜ್ಜುವ ಬ್ರಷ್. ಆಮೆಯನ್ನು ನೀರಿನಿಂದ ತೆಗೆದ ಕೂಡಲೇ ಒಮ್ಮೆ ನೋಡಿ. ಒರೆಸಿ, ಅರ್ಧ ಗಂಟೆ ಒಣಗಲು ಬಿಟ್ಟು ಮತ್ತೆ ನೋಡಿ. ಬಿಳಿಯ ಮಚ್ಚೆಗಳಲ್ಲಿ ಹೆಚ್ಚಿನವು ತಮ್ಮ ಗುಟ್ಟನ್ನು ಈ ಎರಡು ನೋಟಗಳ ನಡುವೆ ಬಿಟ್ಟುಕೊಡುತ್ತವೆ.

ಒದ್ದೆಯಿದ್ದಾಗ ಕಾಣದೆ, ಒಣಗಿದ ಮೇಲೆ ಬೆಳ್ಳಗೆ ಅಥವಾ ಬೆಳ್ಳಿಯಂತೆ ಹೊಳೆದರೆ ಅದು ಕಳಚಲು ಸಿದ್ಧವಾದ ಬಿಲ್ಲೆ. ಹಳೆಯ ಪದರದ ಕೆಳಗೆ ಗಾಳಿ ಹೊಕ್ಕಿರುತ್ತದೆ, ಅದಕ್ಕೇ ಆ ಬಣ್ಣ. ಕಳಚಿದ್ದು ಕೈಗೆ ಸಿಕ್ಕರೆ ಬೆಳಕಿಗೆ ಹಿಡಿಯಿರಿ. ಎಕ್ಸ್‌ರೇ ಫಿಲ್ಮಿನ ಚೂರಿನಂತೆ ತೆಳ್ಳಗೆ, ಪಾರದರ್ಶಕವಾಗಿ, ಬಿಲ್ಲೆಯ ಆಕಾರದಲ್ಲೇ ಇಡಿಯಾಗಿ ಇರುತ್ತದೆ, ಮೇಲಿನ ರೇಖೆಗಳ ನೆರಳೂ ಮೂಡಿರುತ್ತದೆ. ಅದು ಬಿಟ್ಟ ಜಾಗ ಗಟ್ಟಿಯಾಗಿ, ನುಣುಪಾಗಿ, ಹೊಸ ಬಣ್ಣದಲ್ಲಿದ್ದರೆ ಮಾಡಬೇಕಾದದ್ದು ಏನೂ ಇಲ್ಲ. ಉಗುರು ಹಾಕಿ ಎಬ್ಬಿಸುವ ಆಸೆಯನ್ನು ಮಾತ್ರ ಅದುಮಿಕೊಳ್ಳಬೇಕು. ಗಾಯದ ಹೊಪ್ಪಳೆ ಕೀಳುವ ಚಪಲದಂಥದೇ ಅದು. ಬಿಡುವ ಮೊದಲೇ ಕಿತ್ತರೆ ಕೆಳಗಿನ ಎಳೆಯ ಚರ್ಮ ಬಯಲಾಗಿ, ಸೋಂಕಿಗೆ ನಾವೇ ಬಾಗಿಲು ತೆರೆದಂತಾಗುತ್ತದೆ.

ಒಣಗಿದಾಗ ಸುಣ್ಣ ಬಳಿದಂತೆ ಒರಟಾಗಿ, ಬಿಲ್ಲೆಗಳ ಗಡಿಯನ್ನು ಲೆಕ್ಕಿಸದೆ ಎಲ್ಲೆಂದರಲ್ಲಿ ಹರಡಿದ್ದರೆ ಅದು ನೀರಿನ ಗಡಸುತನದ ಉಪ್ಪು. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಬಕೆಟ್ಟಿಗೆ, ಗೀಸರಿಗೆ ಕಟ್ಟುವ ಅದೇ ಬಿಳಿ ಕರೆ ಆಮೆಗೂ ಕಟ್ಟುತ್ತದೆ. ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸವನ್ನು ಹತ್ತಿಯಲ್ಲಿ ಅದ್ದಿ ಒಂದೇ ಒಂದು ಕಡೆ ಒರೆಸಿ ನೋಡಿ. ಕರಗಿ ಕೆಳಗೆ ಗಟ್ಟಿ ಚಿಪ್ಪು ಕಂಡರೆ ಗುರುತು ಸಿಕ್ಕಿತು. ಕಣ್ಣು ಬಾಯಿಯ ಹತ್ತಿರ ಬೇಡ, ಒರೆಸಿದ ಮೇಲೆ ಸಾದಾ ನೀರಿನಲ್ಲಿ ತೊಳೆಯಬೇಕು.

ಹಸಿರು ಅಥವಾ ಕಂದು ಜಾರು ಪದರ ಪಾಚಿ, ಬ್ರಷ್ ತಾಗಿದರೆ ಹೋಗುತ್ತದೆ. ಹತ್ತಿಯ ಎಳೆಯಂತೆ ನೀರಿನಲ್ಲಿ ಅಲ್ಲಾಡುವ ಬೂದು ಬಣ್ಣದ್ದು ಶಿಲೀಂಧ್ರ, ಅದು ಚಿಪ್ಪಿಗಿಂತ ಕತ್ತು, ಕಾಲಿನ ಚರ್ಮದ ಮೇಲೆ ಹೆಚ್ಚು. ಬಿಲ್ಲೆಗಳ ನಡುವೆ ಗೆರೆ ಎಳೆದಂತೆ ತಿಳಿ ಬಣ್ಣದ ಪಟ್ಟಿ ಕಂಡು ‘ಚಿಪ್ಪು ಬಿರುಕು ಬಿಟ್ಟಿದೆ’ ಎಂದು ಗಾಬರಿಯಾಗುವವರಿದ್ದಾರೆ. ಅದು ಹೊಸ ಬೆಳವಣಿಗೆ. ಬಿಲ್ಲೆ ಅಂಚಿನಲ್ಲಿ ಬೆಳೆಯುತ್ತದೆ, ಹೊಸದು ಮೊದಲು ತೆಳು ಬಣ್ಣದಲ್ಲಿರುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಸಾಕಿದ ಆಮೆಯ ಹೊಟ್ಟೆಯ ಮೇಲೆ ಬಿಳಿ ಗೀರುಗಳಿದ್ದರೆ ಅದು ಉಜ್ಜಿದ ಗುರುತು. ಸದ್ಯಕ್ಕೆ ರೋಗವಲ್ಲ, ಆದರೆ ರೋಗ ಒಳಹೊಗುವ ದಾರಿ. ತೊಟ್ಟಿಯನ್ನೇ ಬದಲಿಸಬೇಕು.

ಕೊಳೆತಕ್ಕೆ ಒದ್ದೆ ಒಣದ ಆಟ ಗೊತ್ತಿಲ್ಲ. ಒದ್ದೆಯಲ್ಲೂ ಕಾಣುತ್ತದೆ, ಒಣಗಿದರೂ ಕಾಣುತ್ತದೆ. ಮಾಸಲು ಬಿಳಿ, ಹಳದಿ ಅಥವಾ ನಸುಗೆಂಪು ಮಚ್ಚೆ, ನಡುವೆ ತಗ್ಗು. ಹೆಬ್ಬೆರಳಿನಿಂದ ಸುತ್ತಲೂ ಮೆಲ್ಲಗೆ ಒತ್ತಿ ನೋಡಿ. ಅಕ್ಕಪಕ್ಕದ ಚಿಪ್ಪು ಕಲ್ಲಿನಂತಿದ್ದು ಅಷ್ಟೇ ಜಾಗ ನೆನೆದ ರಟ್ಟಿನಂತೆ ಒಳಗೆ ಸರಿದರೆ ಸಂದೇಹ ಬೇಡ. ಆಮೇಲೆ ಮೂಗಿನ ಹತ್ತಿರ ತನ್ನಿ. ಆಮೆಗೆ ಕೆರೆಯ ನೀರಿನ ವಾಸನೆ ಸಹಜ, ಸತ್ತ ಇಲಿಯ ವಾಸನೆ ಸಹಜವಲ್ಲ. ನನ್ನ ಆಮೆಯ ಆ ಮೆಣಸಿನ ಕಾಳಿನಷ್ಟು ತಗ್ಗನ್ನು ಮೂರನೇ ವಾರದಲ್ಲಿ ಒತ್ತಿದಾಗ ಅಂಚಿನಿಂದ ಅನ್ನದ ಗಂಜಿಯಂಥ ಒಂದು ಹನಿ ಹೊರಗೆ ಬಂತು. ಕೈ ತೊಳೆದ ಮೇಲೂ ಬೆರಳಿಗೆ ಅಂಟಿಕೊಂಡಿದ್ದ ಆ ವಾಸನೆ ಇವತ್ತಿಗೂ ನೆನಪಿದೆ.

ಚಿಪ್ಪೆಲ್ಲ ಮೆತ್ತಗಾದರೆ ಅದು ಬೇರೆಯೇ ಕಥೆ

ಒಂದು ಮಚ್ಚೆ ಮೆತ್ತಗಿರುವುದಕ್ಕೂ ಇಡೀ ಚಿಪ್ಪು ಮೆತ್ತಗಿರುವುದಕ್ಕೂ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಎರಡಕ್ಕೂ ಒಂದೇ ಮುಲಾಮು ಹಚ್ಚುತ್ತಾರೆ. ಮೊದಲನೆಯದು ಸೋಂಕು. ಎರಡನೆಯದು ಸುಣ್ಣದ ಕೊರತೆ: ಕ್ಯಾಲ್ಸಿಯಂ ಸಾಲದೆ, ಅಥವಾ ಕ್ಯಾಲ್ಸಿಯಂ ಇದ್ದರೂ ಅದನ್ನು ಮೈಗೆ ಹಿಡಿಸುವ ಡಿ3 ಜೀವಸತ್ವ ಸಾಲದೆ, ಎಲುಬೇ ಸವೆಯುವ ಕಾಯಿಲೆ. ಅಂಚು ಮೇಲಕ್ಕೆ ಮಗುಚಿಕೊಳ್ಳುತ್ತದೆ, ಹಿಂಗಾಲು ಎಳೆಯುತ್ತದೆ, ದವಡೆ ಬಿಗಿ ಕಳೆದುಕೊಳ್ಳುತ್ತದೆ. ಕೆಲವೇ ತಿಂಗಳ ಮರಿಯ ಚಿಪ್ಪು ಸ್ವಲ್ಪ ಬಾಗುವುದು ಸಹಜ. ವರ್ಷ ದಾಟಿದ ಆಮೆಯದು ಬಾಗಬಾರದು.

ಇದಕ್ಕೆ ಹಚ್ಚುವ ಮದ್ದೇ ಇಲ್ಲ. ಚಿಪ್ಪು ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಸವರುವವರನ್ನು ಕಂಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಂತಾಯಿತು. ಎಣ್ಣೆ, ವ್ಯಾಸಲೀನ್ ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಅಷ್ಟೇ ಅವುಗಳ ಪ್ರಯೋಜನ.

ಇಲ್ಲಿ ಆಯ್ಕೆ ಇರುವುದು ಬೆಳಕಿನಲ್ಲಿ. ಆಮೆಯ ಮೈ ಡಿ3 ತಯಾರಿಸಿಕೊಳ್ಳಲು ಯುವಿಬಿ ಎಂಬ ಅತಿನೇರಳೆ ಕಿರಣ ಬೇಕು. ಬಿಸಿಲಿನಲ್ಲಿ ಅದು ಪುಕ್ಕಟೆ, ಆದರೆ ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ. ಗಾಜಿನ ಒಳಗಿನಿಂದ ಬೀಳುವ ಬಿಸಿಲು ಆಮೆಯನ್ನು ಬೆಚ್ಚಗಿಡಬಹುದು, ಚಿಪ್ಪನ್ನು ಗಟ್ಟಿ ಮಾಡಲಾರದು. ಬಾಲ್ಕನಿಯಲ್ಲೋ ತಾರಸಿಯಲ್ಲೋ ಬೆಳಿಗ್ಗೆ ಒಂಬತ್ತರ ಆಸುಪಾಸು ಅರ್ಧ ಗಂಟೆಯ ನೇರ ಬಿಸಿಲು ಸಿಗುವುದಾದರೆ ಅದಕ್ಕಿಂತ ಒಳ್ಳೆಯ ದೀಪವಿಲ್ಲ ಎಂದೇ ನಾನು ಹೇಳುತ್ತೇನೆ. ಅಗಲವಾದ ಟಬ್ಬಿರಲಿ, ಅದರಲ್ಲಿ ಅರ್ಧ ಭಾಗ ನೆರಳಿರಲಿ. ಗಾಜಿನ ತೊಟ್ಟಿಯನ್ನು ಎತ್ತಿ ಬಿಸಿಲಿಗಿಟ್ಟರೆ ಆಮೆ ಅಲ್ಲೇ ಬೆಂದುಹೋಗುತ್ತದೆ. ಮೇಲೆ ಬಲೆ ಮುಚ್ಚಿ, ಹತ್ತಿರವೇ ಕೂತಿರಿ. ಬೆಂಗಳೂರಿನ ಹದ್ದುಗಳಿಗೂ ಕಾಗೆಗಳಿಗೂ ಅಂಗೈಯಗಲದ ಆಮೆ ಒಂದು ಹೊತ್ತಿನ ಊಟ.

ಬಿಸಿಲು ಬಾರದ ಮನೆಯಾದರೆ, ಅಥವಾ ಕರಾವಳಿ ಮಲೆನಾಡಿನ ಮಳೆಗಾಲವಾದರೆ, ದೀಪವೇ ಗತಿ. ಮೋಸ ಹೆಚ್ಚಾಗಿ ನಡೆಯುವುದೂ ಅಲ್ಲೇ. ‘ಯುವಿಎ ಯುವಿಬಿ’ ಎಂದು ಅಚ್ಚು ಹಾಕಿದ ಅಗ್ಗದ ಚಿಕ್ಕ ಹ್ಯಾಲೊಜನ್ ಬಲ್ಬುಗಳು ಶಾಖ ಕೊಡುತ್ತವೆ, ಯುವಿಬಿ ಕೊಡುವುದಿಲ್ಲ. ಕೊಳ್ಳಬೇಕಾದದ್ದು ಸರೀಸೃಪಗಳಿಗೆಂದೇ ಮಾಡಿದ ಉದ್ದನೆಯ ಟ್ಯೂಬ್. ಸುರುಳಿ ಬಲ್ಬು ಚಿಕ್ಕ ತೊಟ್ಟಿಗೆ ಸಾಕಾದೀತು, ಆದರೆ ಅದರ ಬೆಳಕು ಬೀಳುವ ಜಾಗ ಕಿರಿದು. ಆಮೆ ಬಿಸಿಲು ಕಾಯಿಸಲು ಕೂರುವ ಕಟ್ಟೆಯಿಂದ ಸುಮಾರು 25–30 ಸೆಂಟಿಮೀಟರ್ ಎತ್ತರದಲ್ಲಿ, ನಡುವೆ ಗಾಜು ಅಕ್ರಿಲಿಕ್ ಯಾವುದೂ ಇಲ್ಲದೆ ತೂಗಬೇಕು. ಬೆಳಕು ಉರಿಯುತ್ತಲೇ ಇದ್ದರೂ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಕೊಂಡ ತಾರೀಖನ್ನು ಟ್ಯೂಬಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಡುವುದು ನನ್ನ ರೂಢಿ. ನೀರು ಶುದ್ಧಿ ಮಾಡುವ ಯುವಿಸಿ ದೀಪವನ್ನು ಇದೇ ಎಂದು ತಂದು ಆಮೆಯ ಮೇಲೆ ಉರಿಸಿದರೆ ಕಣ್ಣು, ಚರ್ಮ ಎರಡೂ ಸುಡುತ್ತವೆ. ಹೆಸರಿನ ಕೊನೆಯ ಅಕ್ಷರ ನೋಡಿ ಕೊಳ್ಳಿ.

ಊಟದ ವಿಷಯ ಚಿಕ್ಕದು. ಡಬ್ಬದಲ್ಲಿ ಮಾರುವ ಒಣ ಸಿಗಡಿ ತಿಂಡಿಯೇ ಹೊರತು ಊಟವಲ್ಲ. ಒಳ್ಳೆಯ ಪೆಲೆಟ್ (ಕಾಳಿನಂಥ ಸಿದ್ಧ ಆಹಾರ), ಬೆಳೆದ ಆಮೆಗೆ ನುಗ್ಗೆ ಮುಂತಾದ ಸೊಪ್ಪು, ಆಗಾಗ ಮುಳ್ಳು ಸಮೇತ ಚಿಕ್ಕ ಮೀನು. ಪಾಲಕ್ ಪದೇ ಪದೇ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ. ಗಿಳಿ ಪಂಜರಕ್ಕೆ ಸಿಕ್ಕಿಸುವ ಸಮುದ್ರಫೇನದ ತುಂಡೊಂದನ್ನು ನೀರಿನಲ್ಲಿ ತೇಲಿಬಿಟ್ಟರೆ ಬೇಕಾದಾಗ ಕಡಿದುಕೊಳ್ಳುತ್ತದೆ. ಆಮೆ ಈಗಾಗಲೇ ನಡೆಯಲಾರದಷ್ಟು, ತಿನ್ನಲಾರದಷ್ಟು ಮೆತ್ತಗಾಗಿದ್ದರೆ ಬಿಸಿಲಿಗಾಗಿ ಕಾಯದೆ ವೈದ್ಯರಿಗೆ ತೋರಿಸಬೇಕು, ಅಲ್ಲಿ ಕ್ಯಾಲ್ಸಿಯಂ ಇಂಜೆಕ್ಷನ್ ಬೇಕಾಗಬಹುದು.

ಕೊಳೆತಕ್ಕೆ ಏನು ಮಾಡುವುದು

ಕೊಳೆತ ಖಚಿತವಾದ ಮೇಲೆ ಮೊದಲ ಪ್ರಶ್ನೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂಬುದು. ನಾನು ಪಾಲಿಸುವ ಅಳತೆ ಹೀಗಿದೆ. ಒಂದೆರಡು ಮಚ್ಚೆ, ಬಿಲ್ಲೆಯ ಮೇಲ್ಪದರದಲ್ಲೇ ಇದೆ, ರಕ್ತವಿಲ್ಲ, ವಾಸನೆಯಿಲ್ಲ, ಆಮೆ ಎಂದಿನಂತೆ ತಿನ್ನುತ್ತಿದೆ, ನನ್ನನ್ನು ಕಂಡರೆ ಗಾಜಿನ ಹತ್ತಿರ ಈಜಿ ಬರುತ್ತಿದೆ: ಹಾಗಿದ್ದರೆ ಎರಡು ವಾರ ಮನೆಯ ಆರೈಕೆ. ತಗ್ಗು ಆಳವಾಗಿದೆ, ಬಿಲ್ಲೆ ಎದ್ದು ಕೆಳಗೆ ಹಸಿಯಾಗಿದೆ, ಕೀವಿದೆ, ಎಲುಬು ಕಾಣುತ್ತಿದೆ, ಇಲ್ಲವೇ ಊಟ ಬಿಟ್ಟಿದೆ: ಅದೇ ದಿನ ವೈದ್ಯರು. ಹೊಟ್ಟೆಯ ಚಿಪ್ಪಿನ ಒಳಗಿನಿಂದ ರಕ್ತ ಕಟ್ಟಿದಂತೆ ಕೆಂಪು ಹರಡಿ ಆಮೆ ಜೋಲು ಬಿದ್ದಿದ್ದರೆ ಸೋಂಕು ರಕ್ತ ಸೇರಿರುವ ಸಾಧ್ಯತೆಯಿದೆ. ಆಗ ರಾತ್ರಿ ಹಗಲು ನೋಡಬಾರದು.

ಮನೆಯ ಆರೈಕೆಯಲ್ಲಿ ಮುಖ್ಯವಾದದ್ದು ಔಷಧಿಯಲ್ಲ, ಒಣಗಿಸುವುದು. ನೀರಿನಲ್ಲೇ ಬಿಟ್ಟು ದಿನಕ್ಕೊಮ್ಮೆ ಮದ್ದು ಬಳಿಯುವುದೋ, ಹೊರಗಿಟ್ಟು ಒಣಗಿಸುವುದೋ ಎಂದು ಕೇಳಿದರೆ ನನ್ನ ಮತ ಒಣಗಿಸುವುದಕ್ಕೇ. ನೀರಿಗೆ ಬಿಟ್ಟ ಐದು ನಿಮಿಷಕ್ಕೆ ಮದ್ದು ತೊಳೆದುಹೋಗುತ್ತದೆ, ಚಿಪ್ಪು ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ತೇವ ಮತ್ತೆ ಸಿಗುತ್ತದೆ. ಆದರೆ ಒಣಗಿಸುವುದೆಂದರೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮರೆಯುವುದಲ್ಲ. ಸ್ಲೈಡರ್ ಆಮೆ ನೀರಿನಲ್ಲಿ ಮುಳುಗಿದ್ದಾಗಲಷ್ಟೇ ನುಂಗಬಲ್ಲದು. ದಿನಕ್ಕೆ ಒಂದೆರಡು ಸಲ, ಅರ್ಧ ಗಂಟೆಯಿಂದ ಒಂದು ಗಂಟೆ, ಬೇರೆ ಟಬ್ಬಿನಲ್ಲಿ ಶುದ್ಧವಾದ ಉಗುರುಬೆಚ್ಚಗಿನ ನೀರಿಗೆ ಬಿಟ್ಟು ಅಲ್ಲೇ ಊಟ ಕೊಡಬೇಕು. ಉಳಿದ ಹೊತ್ತು ಟವೆಲ್ ಹಾಸಿದ ಬೆಚ್ಚನೆಯ ಡಬ್ಬ, ಮೇಲೆ ಯುವಿಬಿ ದೀಪ. ನಾಣ್ಯದಗಲದ ಮರಿಗೆ ಈ ಉಪಾಯ ಅಪಾಯಕಾರಿ. ಅದರ ಮೈಯ ನೀರು ಬೇಗ ಆರಿಹೋಗುತ್ತದೆ. ಮರಿಗೆ ಒಂದೆರಡು ಗಂಟೆಗಿಂತ ಹೆಚ್ಚು ಒಣಗಿಸುವುದು ಬೇಡ, ಕೊಳೆತ ಕಂಡರೆ ನೇರ ವೈದ್ಯರೇ ಸರಿ.

ಈಗ ಮದ್ದಿನ ಮಾತು. ಮನೆಯಲ್ಲಿ ಬಳಸಬಹುದಾದವು ಮೂರೇ.

ಪೊವಿಡೋನ್ ಅಯೋಡಿನ್ ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ, ಅಗ್ಗ, ಬ್ಯಾಕ್ಟೀರಿಯಾ ಶಿಲೀಂಧ್ರ ಎರಡಕ್ಕೂ ಆಗುತ್ತದೆ. ತಪ್ಪು ಆಗುವುದು ಬೆರೆಸುವುದರಲ್ಲಿ. ಬಾಟಲಿಯ ಮೇಲೆ 10 ಶೇಕಡಾ ಎಂದಿದ್ದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು, 5 ಶೇಕಡಾ ಇದ್ದರೆ ನಾಲ್ಕು ಪಾಲು. ಹಾಲು ಹಾಕದ ತಿಳಿ ಚಹಾದ ಬಣ್ಣ ಬರಬೇಕು. 7.5 ಶೇಕಡಾದ್ದು ಶಸ್ತ್ರಚಿಕಿತ್ಸೆಗೆ ಮುನ್ನ ಕೈ ತೊಳೆಯುವ ಸಾಬೂನು ಬೆರೆತ ದ್ರಾವಣ, ಅದು ಬೇಡ. ಮಚ್ಚೆಯನ್ನು ಬ್ರಷ್‌ನಿಂದ ಮೃದುವಾಗಿ ತೊಳೆದು, ಈ ನೀರನ್ನು ಹತ್ತಿಯಲ್ಲಿ ಹಚ್ಚಿ ಹತ್ತು ನಿಮಿಷ ಬಿಡಬೇಕು. ಗಾಢವಾಗಿ ಹಚ್ಚಿದರೆ ಬೇಗ ಗುಣವಾಗುತ್ತದೆ ಎಂದುಕೊಂಡರೆ ಹೊಸದಾಗಿ ಹುಟ್ಟುತ್ತಿರುವ ಚರ್ಮವೇ ಸುಡುತ್ತದೆ.

ಕ್ಲೋರ್‌ಹೆಕ್ಸಿಡಿನ್ ಹಚ್ಚಿದ ಮೇಲೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತಿರುತ್ತದೆ, ಕೊಳೆ ಕೀವು ಇದ್ದರೂ ಅಯೋಡಿನ್‌ನಷ್ಟು ಬೇಗ ಶಕ್ತಿ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಗಾಯ ತೊಳೆಯಲು ಪಶುವೈದ್ಯರು ಇದನ್ನು ಮೆಚ್ಚುತ್ತಾರೆ. 2 ಶೇಕಡಾ ದ್ರಾವಣಕ್ಕೆ ಸುಮಾರು 40 ಪಾಲು ನೀರು. ಆದರೆ ಆಮೆಯನ್ನು ಇದರಲ್ಲಿ ನೆನೆಹಾಕಬಾರದು, ಕಣ್ಣು ಕಿವಿಗೆ ತಾಗಬಾರದು. ‘ಸ್ಯಾವ್ಲಾನ್‌ನಲ್ಲೂ ಅದೇ ಇದೆಯಲ್ಲ’ ಎಂದು ಕೇಳುವವರಿದ್ದಾರೆ. ಅದರಲ್ಲಿ ಜೊತೆಗೆ ಸೆಟ್ರಿಮೈಡ್ ಇದೆ, ಬೇಡ. ಡೆಟಾಲ್ ಕೂಡ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸಿ ಕೆಲಸವಾಗುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆ ನೊರೆಯಲ್ಲಿ ಆರೋಗ್ಯವಂತ ಚರ್ಮವೂ ಹೋಗುತ್ತದೆ.

ಮೂರನೆಯದು ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಡಯಾಜಿನ್ ಬಿಳಿ ಮುಲಾಮು, 1 ಶೇಕಡಾದ್ದು. ಮೊದಲೆರಡು ತೊಳೆಯಲು, ಇದು ತೊಳೆದ ಮೇಲೆ ಹಚ್ಚಿಡಲು. ಒಣಗಿಸುವ ಹೊತ್ತಿನಲ್ಲಿ ತೆಳ್ಳಗೆ ಸವರಿದರೆ ಗಂಟೆಗಟ್ಟಲೆ ನಿಲ್ಲುತ್ತದೆ. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಅಯೋಡಿನ್‌ನಿಂದ ತೊಳೆದು ನೀರಿನಲ್ಲಿ ಜಾಲಾಡಿ, ಒಣಗಿದ ಮೇಲೆ ಈ ಮುಲಾಮು ಹಚ್ಚುವ ಜೋಡಿಯನ್ನೇ ಆರಿಸಿಕೊಳ್ಳುತ್ತೇನೆ. ಅಯೋಡಿನ್ ಮತ್ತು ಕ್ಲೋರ್‌ಹೆಕ್ಸಿಡಿನ್ ಎರಡನ್ನೂ ಒಟ್ಟಿಗೆ ಬೆರೆಸಬೇಡಿ. ಅರಿಶಿನ? ಅಜ್ಜಿಯ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಬೇಡ. ಚಿಪ್ಪಿಗೆ ಹಳದಿ ಬಣ್ಣ ಹಿಡಿದರೆ ಮಚ್ಚೆ ಹರಡುತ್ತಿದೆಯೋ ಇಲ್ಲವೋ ಕಾಣುವುದೇ ಇಲ್ಲ.

ನಾಯಿಯ ಉಣ್ಣಿಗೆಂದು ತಂದ ಐವರ್‌ಮೆಕ್ಟಿನ್ ಮನೆಯಲ್ಲಿದ್ದರೆ ಆಮೆಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಆಮೆಗಳಿಗೆ ಅದು ವಿಷ, ಸಾಯುತ್ತವೆ.

ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಫೋಟೊ ತೆಗೆಯಿರಿ. ಗುಣವಾಗುವ ಮಚ್ಚೆ ಮೊದಲು ಒಣಗಿ ಅಂಚು ಗಟ್ಟಿಯಾಗುತ್ತದೆ, ಆಮೇಲೆ ಒಳಗಿನಿಂದ ಹೊಸ ಪದರ ತುಂಬುತ್ತದೆ. ಹತ್ತು ದಿನಕ್ಕೂ ಅಂಚು ಗಟ್ಟಿಯಾಗದಿದ್ದರೆ ಮನೆಯ ಮದ್ದಿನ ಗಡುವು ಮುಗಿಯಿತು. ವೈದ್ಯರು ಕೊಳೆತದ್ದನ್ನು ಕೆರೆದು ತೆಗೆಯುತ್ತಾರೆ, ಬೇಕಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ, ಇಂಜೆಕ್ಷನ್ ಶುರು ಮಾಡುತ್ತಾರೆ. ಆಮೆಗಳಿಗೆ ಹೆಚ್ಚಾಗಿ ಕೊಡುವ ಸೆಫ್ಟಾಝಿಡಿಮ್ ಎಂಬ ಆಂಟಿಬಯೋಟಿಕ್ ಮೂರು ದಿನಕ್ಕೊಂದು ಚುಚ್ಚುಮದ್ದು, ವಾಡಿಕೆಯಂತೆ ಮುಂಗಾಲಿಗೆ. ಉಷ್ಣತೆ ಇಳಿದಂತೆ ಆಮೆಯ ಮೈಯ ಕೆಲಸವೆಲ್ಲ ನಿಧಾನವಾಗುತ್ತದೆ, ಔಷಧಿ ಹಿಡಿಯುವುದೂ ನಿಧಾನ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ನೀರು ತಣ್ಣಗೆ ಕೊರೆಯುತ್ತದೆ, ಚಿಕಿತ್ಸೆ ನಡೆಯುವಾಗ ಹೀಟರ್ ಹಾಕದೆ ಇಂಜೆಕ್ಷನ್ನಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ನೀರು 24ರಿಂದ 27 ಡಿಗ್ರಿ, ಕಟ್ಟೆಯ ಮೇಲೆ 30ರಿಂದ 32 ಡಿಗ್ರಿ ಇರಲಿ.

ಇಷ್ಟೆಲ್ಲ ಮಾಡಿ ಗುಣವಾದ ಆಮೆಯನ್ನು ಮತ್ತೆ ಅದೇ ಕೊಳಕು ನೀರಿಗೆ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಅದೇ ಮಚ್ಚೆ. ಚಿಪ್ಪಿನ ಉದ್ದದ ಪ್ರತಿ ಅಂಗುಲಕ್ಕೆ ಸುಮಾರು 38 ಲೀಟರ್ ನೀರು ಎಂಬುದು ಸಾಕುವವರಲ್ಲಿ ಚಾಲ್ತಿಯಲ್ಲಿರುವ ಲೆಕ್ಕ. ಆರು ಅಂಗುಲದ ಆಮೆಗೆ 230 ಲೀಟರ್ ಆಯಿತು. ಫ್ಲಾಟಿನಲ್ಲಿ ಎಲ್ಲಿ ಇಡುವುದು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಮ್ಮಲ್ಲಿ ಊಟದ ಮೇಜು ಹೊರಗೆ ಹೋಯಿತು. ಜಾಗವಿಲ್ಲವೆಂದು ಹತ್ತಿರದ ಕೆರೆಗೆ ಬಿಡುವುದು ಮಾತ್ರ ಬೇಡವೇ ಬೇಡ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ, ನಮ್ಮ ಕೆರೆಯ ಆಮೆಗಳ ಅನ್ನ, ಬಿಸಿಲು ಎರಡನ್ನೂ ಕಸಿಯುತ್ತದೆ.

ಬಿರುಕು, ಉಬ್ಬು

ಬಾಲ್ಕನಿಯಿಂದ ಬಿದ್ದದ್ದು, ನಾಯಿ ಕಚ್ಚಿದ್ದು, ಬಾಗಿಲ ಸಂದಿಗೆ ಸಿಕ್ಕಿದ್ದು: ಚಿಪ್ಪು ಒಡೆದರೆ ಮನೆಯಲ್ಲಿ ಆಯ್ಕೆಗಳಿಲ್ಲ. ಸಲೈನ್‌ನಲ್ಲಿ ತೊಳೆದು, ಶುದ್ಧ ಗಾಜ್ ಬಟ್ಟೆ ಮುಚ್ಚಿ, ನೀರಿಲ್ಲದ ಡಬ್ಬದಲ್ಲಿ ವೈದ್ಯರ ಬಳಿಗೆ. ಫೆವಿಕ್ವಿಕ್, ಎಂ-ಸೀಲ್ ಹಾಕಿ ಅಂಟಿಸಿದ ಆಮೆಗಳನ್ನು ನೋಡಿದ್ದೇನೆ. ಹೊರಗಿನಿಂದ ಅಚ್ಚುಕಟ್ಟು, ಒಳಗೆ ಕೀವು. ವೈದ್ಯರು ತಂತಿ, ಸ್ಕ್ರೂ, ಪಟ್ಟಿಗಳಿಂದ ಜೋಡಿಸುತ್ತಾರೆ, ಆದರೆ ಒಳಗಿನ ಸೋಂಕು ತೊಳೆದ ಮೇಲೆ. ನಾಯಿ ಕಚ್ಚಿದ್ದರೆ ಮೇಲೆ ಚಿಕ್ಕ ತೂತು ಕಂಡರೂ ನಂಬಬೇಡಿ. ಎಲುಬು ಕೂಡಲು ತಿಂಗಳುಗಳು, ಕೆಲವೊಮ್ಮೆ ವರ್ಷದ ಮೇಲೆ ಬೇಕು.

ಬಿಲ್ಲೆಗಳು ಗೋಪುರದಂತೆ ಎತ್ತರವಾಗಿ ಏಳುವುದು ಹೆಚ್ಚಾಗಿ ನೆಲದ ಆಮೆಗಳ ಸಮಸ್ಯೆ. ಮರಿಯಾಗಿದ್ದಾಗ ಗಾಳಿಯ ತೇವ ಸಾಲದಿದ್ದುದು ಅದಕ್ಕೆ ದೊಡ್ಡ ಕಾರಣ. ಎದ್ದ ಉಬ್ಬು ಮತ್ತೆ ಇಳಿಯುವುದಿಲ್ಲ, ಮುಂದಿನ ಬೆಳವಣಿಗೆಯನ್ನಷ್ಟೇ ಸರಿಪಡಿಸಬಹುದು. ನಿಮ್ಮ ಮನೆಯಲ್ಲಿರುವುದು ನಕ್ಷತ್ರ ಆಮೆಯಾದರೆ ಅದರ ಬೆನ್ನಿನ ಉಬ್ಬು ಸ್ವಲ್ಪ ಸಹಜವೇ, ಆದರೆ ಅದು ನಿಮ್ಮ ಮನೆಯಲ್ಲಿರುವುದು ಸಹಜವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಕ್ಷತ್ರ ಆಮೆಯನ್ನು ಸಾಕುವುದು ಅಪರಾಧ. ಬಾವಿಗೆ ಬಿಡಲೆಂದು ಹಳ್ಳಿಗಳಲ್ಲಿ ಹಿಡಿದು ತರುವ ಮೆತ್ತನೆಯ ಅಂಚಿನ ಕೆರೆ ಆಮೆಗೂ ಇದೇ ಮಾತು. ಅಂದ ಹಾಗೆ ಅದರ ಅಂಚು ಮೆತ್ತಗಿರುವುದು ಕಾಯಿಲೆಯಲ್ಲ, ಹುಟ್ಟುಗುಣ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ವೈದ್ಯರ ಬಳಿಗೆ ಹೋಗುವಾಗ

ನಾಯಿ ಬೆಕ್ಕು ನೋಡುವ ಎಲ್ಲರಿಗೂ ಆಮೆ ನೋಡಿ ಅಭ್ಯಾಸವಿರುವುದಿಲ್ಲ. ಫೋನಿನಲ್ಲೇ ‘ಸರೀಸೃಪಗಳನ್ನು ನೋಡುತ್ತೀರಾ’ ಎಂದು ಕೇಳಿ ಹೋಗುವುದರಿಂದ ಎರಡು ಆಟೋ ಖರ್ಚು ಉಳಿಯುತ್ತದೆ. ನಾನು ಮೊದಲು ಹೋದ ಕಡೆ ಆಮೆಯನ್ನು ತಿರುಗಿಸಿಯೂ ನೋಡದೆ ವಿಟಮಿನ್ ಹನಿ ಬರೆದುಕೊಟ್ಟರು. ಎರಡನೆಯ ವೈದ್ಯೆ ಮಾತಾಡುವ ಮೊದಲೇ ಬೆರಳಿನಿಂದ ಒಂದೊಂದೇ ಬಿಲ್ಲೆ ಒತ್ತುತ್ತಾ ಬಂದರು, ಆಗಲೇ ನನಗೆ ಧೈರ್ಯ ಬಂತು. ಬೆಂಗಳೂರಿನಲ್ಲಿ ದಾರಿ ತೋಚದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಡಬ್ಬಕ್ಕೆ ಗಾಳಿಯ ತೂತು, ಒಳಗೆ ಒಣ ಟವೆಲ್. ನೀರು ಬೇಡ, ಬಸ್ಸಿನ ಕುಲುಕಾಟದಲ್ಲಿ ಆಮೆಯ ಮೂಗಿಗೆ ನೀರು ನುಗ್ಗುತ್ತದೆ. ಜೊತೆಗೆ ನಾಣ್ಯವಿಟ್ಟು ತೆಗೆದ ಫೋಟೊಗಳು, ದೀಪ ಕೊಂಡ ತಾರೀಖು, ತಿನ್ನಿಸುವ ಡಬ್ಬದ ಚಿತ್ರ, ತೊಟ್ಟಿಯ ನೀರಿನ ಉಷ್ಣತೆ. ಹೋಗುವ ದಿನ ಬೆಳಿಗ್ಗೆ ಯಾವ ಮದ್ದನ್ನೂ ಹಚ್ಚಬೇಡಿ, ಅಯೋಡಿನ್ ಬಣ್ಣದ ಕೆಳಗೆ ವೈದ್ಯರಿಗೂ ಏನೂ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲು. ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕ 1975ರಲ್ಲೇ ನಿಷೇಧಿಸಿದ್ದು ಮಕ್ಕಳು ಅವನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರು ಎಂಬ ಕಾರಣಕ್ಕೆ. ಟಬ್ಬು, ಬ್ರಷ್ ಅಡುಗೆಮನೆಯ ಸಿಂಕಿನಲ್ಲಿ ತೊಳೆಯದೆ ಬಚ್ಚಲಿಗೆ ಒಯ್ಯಿರಿ.

ಗುಂಡನ ಹೊಟ್ಟೆಯ ಮೇಲೆ ಆ ತಗ್ಗು ಈಗಲೂ ಇದೆ, ತುಂಬಿಕೊಂಡು ಗಟ್ಟಿಯಾಗಿದೆ, ಬಣ್ಣ ಮಾತ್ರ ಉಳಿದ ಚಿಪ್ಪಿಗೆ ಹೊಂದುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಮಗುಚಿ ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಅದು ನಾಲ್ಕೂ ಕಾಲು ಬಡಿದು ನನ್ನ ಕೈ ಪರಚುತ್ತದೆ.